ಹೊನ್ನೆಲೆಯೂ ಅದರ ಆರೈಕೆಯೂ



ಬೇ ಏರಿಯಾದಲ್ಲಿ ಮನೆ ಕೊಂಡ ಕನ್ನಡಿಗರು ಮೊದಲ ವಸಂತಕ್ಕೇ ನರ್ಸರಿಯ ಕಡೆ ನಡೆಯುತ್ತಾರೆ. ಊರಿನ ಅಂಗಳದ ಕ್ರೋಟನ್ನಿನ ನೆನಪು ಅವರನ್ನು ಹೊನ್ನಿನ ಬಣ್ಣದ, ಬಿಳಿ ಅಂಚಿನ ಎಲೆಗಳತ್ತ ಸೆಳೆಯುತ್ತದೆ. ಕ್ರೋಟನ್ ಇಲ್ಲಿಯ ಚಳಿಗೆ ಹೊರಗೆ ಬಾಳುವುದು ಕಷ್ಟ. ಅದರ ಬದಲಿಗೆ ಮತ್ತೊಂದು ಗಿಡ ಮನೆ ಸೇರುತ್ತದೆ. ಜುಲೈ ಹೊತ್ತಿಗೆ ಫ್ರೀಮಾಂಟಿನ ಬಿಸಿಲಲ್ಲಿ ಅದರ ಎಲೆ ಸುಟ್ಟು ಕಂದಿರುತ್ತದೆ. ಅದೇ ಗಿಡ ಕಡಲ ಮಂಜು ಕವಿಯುವ ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮ ಬಡಾವಣೆಗಳಲ್ಲಿ ನಳನಳಿಸುತ್ತಿರುತ್ತದೆ.

ಕಾರಣ ಎಲೆಯೊಳಗೇ ಇದೆ. ಹೊನ್ನೆಲೆಯಲ್ಲಿ ಪತ್ರಹರಿತ್ತು ಕಡಿಮೆ. ಹಸಿರು ಎಲೆಗಳಲ್ಲಿ ಮರೆಯಾಗಿರುವ ಹಳದಿ ವರ್ಣಕ ಇಲ್ಲಿ ಹೊರಗೆ ಕಾಣುತ್ತದೆ. ಅಪ್ಪಟ ಬಿಳಿ ಪಟ್ಟೆಗಳಂತೂ ತಮ್ಮ ಆಹಾರವನ್ನು ತಾವು ತಯಾರಿಸಲಾರವು, ಪಕ್ಕದ ಹಸಿರು ಭಾಗವೇ ಅವನ್ನು ಸಾಕಬೇಕು. ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಇದರ ಆನುವಂಶಿಕತೆಯನ್ನು ವಿವರಿಸಿದ್ದು ಕನ್ನಡನಾಡಿನ ಹಿತ್ತಿಲುಗಳಿಗೂ ಪರಿಚಿತವಾದ ಸಂಜೆಮಲ್ಲಿಗೆಯ ಮೂಲಕ. ಬಿಳಿ ಕೊಂಬೆಯ ಹೂವಿಗೆ ಯಾವ ಗಿಡದ ಪರಾಗ ಹಾಕಿದರೂ ಅದರ ಬೀಜದಿಂದ ಬಿಳಿ ಸಸಿಯೇ ಹುಟ್ಟುತ್ತಿತ್ತು, ಬೇಗನೆ ಸಾಯುತ್ತಿತ್ತು. ಈ ಗುಣ ತಾಯಿಯಿಂದಷ್ಟೇ ಬರುತ್ತದೆಂಬುದು ಹೀಗೆ ತಿಳಿಯಿತು. ವಂಶವೆಂದರೆ ತಂದೆಯದೇ ಎಂದು ನಂಬಿದವರಿಗೆ ಈ ಸಂಜೆಮಲ್ಲಿಗೆಯನ್ನು ಉಡುಗೊರೆಯಾಗಿ ಕೊಡಬಹುದು.

ಇಂಥ ಗಿಡಗಳಲ್ಲಿ ಆಗಾಗ ಪೂರ್ಣ ಹಸಿರಿನ ಕೊಂಬೆಯೊಂದು ಚಿಗುರುತ್ತದೆ. ಅದಕ್ಕೆ ಬಲ ಹೆಚ್ಚು. ಬುಡದಲ್ಲೇ ಕತ್ತರಿಸದಿದ್ದರೆ ಕ್ರಮೇಣ ಗಿಡವನ್ನೆಲ್ಲ ಆವರಿಸುತ್ತದೆ. ಬೀಜದಿಂದ ಬಣ್ಣ ಖಾತ್ರಿಯಿಲ್ಲದ ಕಾರಣ ಬಹುಪಾಲು ತಳಿಗಳನ್ನು ಕಡ್ಡಿ ನೆಟ್ಟೇ ಬೆಳೆಸಬೇಕು. ಕತ್ತರಿ ಹಿಡಿದ ಕೈಯಿಲ್ಲದೆ ಹೊನ್ನೆಲೆ ಉಳಿಯದು.

ಆ ಕೈಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಚರಿತ್ರೆಯಿದೆ. ಬಡಗಣ ಗೋಡೆಯ ಒಣ ನೆರಳಿಗೂ ಒಗ್ಗುವ ಔಕ್ಯೂಬಾ ಎಂಬ ಪೊದೆಯ ಎಲೆಗಳ ಮೇಲೆ ಚಿನ್ನದ ಹುಡಿ ಚೆಲ್ಲಿದಂತೆ ಚುಕ್ಕೆಗಳಿವೆ. ಸುತ್ತ ಕಡುಹಸಿರು ಇದ್ದರೆ ಅದೊಂದೇ ಸಾಕು. ಅಂಗಳದ ತುಂಬ ಪಟ್ಟೆ-ಚುಕ್ಕೆಗಳೇ ಆದರೆ ಕಣ್ಣಿಗೆ ವಿಶ್ರಾಂತಿಯಿಲ್ಲ. ಜಪಾನ್ ಅದರ ತವರುಗಳಲ್ಲೊಂದು. ಚಿತ್ರವಿಚಿತ್ರ ಎಲೆಗಳ ಸಂಗ್ರಹ ಅಲ್ಲಿ ಎಡೊ ಕಾಲದಲ್ಲೇ ಗೀಳಾಗಿತ್ತು. ಆ ದೇಶದಿಂದ ವಲಸೆ ಬಂದ ಅನೇಕರು ಕ್ಯಾಲಿಫೋರ್ನಿಯಾದಲ್ಲಿ ಪರರ ಅಂಗಳಗಳ ತೋಟಗಾರರಾದರು. ಕೌಶಲದ ಜೊತೆಗೆ ಕಾನೂನೂ ಅವರನ್ನು ಅಲ್ಲಿಗೆ ದೂಡಿತ್ತು: ಪೌರತ್ವಕ್ಕೆ ಅನರ್ಹರೆನಿಸಿದ ವಿದೇಶೀಯರು ಕೃಷಿಭೂಮಿ ಕೊಳ್ಳದಂತೆ ರಾಜ್ಯ 1913ರಲ್ಲಿ ಶಾಸನ ಮಾಡಿತ್ತು. 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರನ್ನೂ ಆ ಅನರ್ಹರ ಸಾಲಿಗೆ ಸೇರಿಸಿತು. ತಾವು ಮೇಲ್ಜಾತಿಯವರು, ಆರ್ಯರು, ಆದ್ದರಿಂದ ಬಿಳಿಯರು ಎಂಬುದು ಥಿಂಡ್ ಪರವಾದ ವಾದವಾಗಿತ್ತು. ಜಾತಿಯ ಹಮ್ಮು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಗೋಲ್ಡನ್ ಗೇಟ್ ಪಾರ್ಕಿನ ಜಪಾನೀ ಚಹಾ ತೋಟ 1894ರ ವಸ್ತುಪ್ರದರ್ಶನದ ಅಂಗವಾಗಿ ಹುಟ್ಟಿದ್ದು. ಮಕೊಟೊ ಹಗಿವಾರ ಮತ್ತು ಅವರ ಕುಟುಂಬದವರು ದಶಕಗಳ ಕಾಲ ಅಲ್ಲೇ ವಾಸವಿದ್ದು ಅದನ್ನು ಬೆಳೆಸಿದರು. 1942ರಲ್ಲಿ ಆ ಕುಟುಂಬವನ್ನು ಹೊರಹಾಕಿ ಬಂಧನ ಶಿಬಿರಕ್ಕೆ ಕಳಿಸಲಾಯಿತು. ತೋಟದ ಹೆಸರಿನಿಂದ ‘ಜಪಾನೀ’ ಎಂಬ ಪದವನ್ನೂ ಅಳಿಸಲಾಯಿತು. ಹೆಸರು ಮರಳಿದ್ದು 1952ರಲ್ಲಿ. ಅದೇ ವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಭೂಶಾಸನವನ್ನೂ ತಳ್ಳಿಹಾಕಿತು. ಕುಟುಂಬ ಮಾತ್ರ ಆ ತೋಟದ ಮನೆಗೆ ಮರಳಲಿಲ್ಲ.

ಈಗ ಫ್ರೀಮಾಂಟ್, ಸನ್ನಿವೇಲ್‌ಗಳ ಕನ್ನಡಿಗರ ಅಂಗಳಕ್ಕೆ ಬರುವ ತೋಟಗಾರರು ಹೆಚ್ಚಾಗಿ ಮೆಕ್ಸಿಕೊ ಅಥವಾ ಮಧ್ಯ ಅಮೆರಿಕದವರು. ಹಸಿರಿಗೆ ತಿರುಗಿದ ಕೊಂಬೆಯನ್ನು ಗುರುತಿಸಿ ಕತ್ತರಿಸುವವರು, ಜುಲೈ ಬಿಸಿಲಿಗೆ ಬೆಂದ ಗಿಡವನ್ನು ಬಡಗಣ ಗೋಡೆಯ ಬದಿಗೆ ಒಯ್ದು ನೆಡುವವರು ಅವರೇ. ಎಷ್ಟೋ ಮನೆಗಳಲ್ಲಿ ಅವರಿಗೆ ‘ಗಾರ್ಡನರ್’ ಎಂಬುದನ್ನು ಬಿಟ್ಟರೆ ಬೇರೆ ಹೆಸರಿಲ್ಲ.