ನಾಯಿಗೂ ಒಬ್ಬ ಯಜಮಾನ ಬೇಕು



ನಾಯಿಯ ವಿಷಯವೇ? ಅದರಲ್ಲಿ ಕೇಳೋದೇನಿದೆ ಎನ್ನಬೇಡಿ. ನಮ್ಮ ಹಳ್ಳಿಗಳಲ್ಲಿ ನಾಯಿಗೆ ಲೆಕ್ಕ ಇಟ್ಟವರಿಲ್ಲ. ಜಗಲಿಯ ಮೇಲೆ ಮಲಗುತ್ತದೆ, ಉಳಿದ ಮುದ್ದೆ ತಿನ್ನುತ್ತದೆ, ಹೊಲ ಕಾಯುತ್ತದೆ. ಯಾರದಪ್ಪಾ ಎಂದರೆ ಊರದು. ಅದನ್ನೇ ನಿಮ್ಮ ಮಗ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ತನ್ನ ಬಾಡಿಗೆ ಮನೆಗೆ ಕರೆದೊಯ್ದನೆನ್ನಿ. ಅಲ್ಲಿ ಅಕ್ಕಪಕ್ಕ ಮನೆ, ಬೀದಿ ತುಂಬ ಮಕ್ಕಳು. ಕಚ್ಚಿದರೆ ಊರದು ಎಂದರೆ ನಡೆಯದು. ಸಾಕುನಾಯಿಗಳನ್ನು ನೋಂದಾಯಿಸುವ ಅಧಿಕಾರವನ್ನು 1976ರ ಕಾನೂನು ನಗರಪಾಲಿಕೆಗಳಿಗೆ ಕೊಟ್ಟಿದೆ. ಲಸಿಕೆ ಹಾಕಿಸಿದ ಚೀಟಿ ಹಿಡಿದು ಪಾಲಿಕೆಯ ಕಚೇರಿಯಲ್ಲಿ ವಿಚಾರಿಸಲಿ.

ಬೀದಿನಾಯಿಗಳ ಮಾತು ಬೇರೆ. ವಿಷ ಹಾಕುವುದು, ಹೊಡೆದು ಕೊಲ್ಲುವುದು ಅಪರಾಧ. 2023ರ ನಿಯಮಗಳ ಪ್ರಕಾರ ಅವನ್ನು ಹಿಡಿದು, ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಕಿವಿಯ ಅಂಚು ಕತ್ತರಿಸಿದ್ದರೆ ಚಿಕಿತ್ಸೆ ಆಗಿದೆ ಎಂದು ತಿಳಿಯಿರಿ. ಹುಚ್ಚು ಹಿಡಿದದ್ದನ್ನೂ ಮೇಲೆರಗುವ ಸ್ವಭಾವದ್ದನ್ನೂ ಹಾಗೆ ಬಿಡಕೂಡದೆಂದು ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಹೇಳಿತು. ಈ ಕೆಲಸ ಪಟ್ಟಣಕ್ಕೆ ಮಾತ್ರ ಎಂದುಕೊಳ್ಳಬೇಡಿ, ಪಂಚಾಯಿತಿಯ ಹೊಣೆಯೂ ಹೌದು. ಗ್ರಾಮಸಭೆಯಲ್ಲಿ ಕೇಳಿ. ಎಲ್ಲೆಂದರಲ್ಲಿ ಎಂಜಲು, ಕೋಳಿಯ ಕರುಳು ಎಸೆಯುತ್ತಾ ನಾಯಿ ಹೆಚ್ಚಾಯಿತು ಎಂದು ಗೊಣಗುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಇನ್ನು ಮುಖ್ಯ ಮಾತು. ಹುಚ್ಚುನಾಯಿಯ ರೋಗ ಒಮ್ಮೆ ತಲೆದೋರಿತೆಂದರೆ ಬದುಕಿಸುವ ಮದ್ದಿಲ್ಲ. ನೀರು ಕಂಡರೆ ಗಂಟಲು ಬಿಗಿಯುವ ಹೊತ್ತಿಗೆ ಕೈಮೀರಿರುತ್ತದೆ. ಕಚ್ಚಿದ ದಿನವೇ ಎಚ್ಚೆತ್ತರೆ ತಡೆಯಬಹುದು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನೂ ಮೆತ್ತಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಕೊಳಾಯಿ ಇಲ್ಲವೇ, ಒಬ್ಬರು ಚೊಂಬಿನಿಂದ ಸುರಿಯುತ್ತಿರಲಿ. ಆಮೇಲೆ ಮಂತ್ರ ಹಾಕಿಸಲು ಓಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಇನ್ನೂ ಉಂಟು. ಆ ಕಾಲ ಹೋಯಿತು. ಈಗ ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಅಂದೇ ಒಂದು ಸಲ, ಅಲ್ಲಿಂದ 3, 7, 28ನೆಯ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೂ ಬೇರೊಂದು ಮದ್ದು ಹಾಕಬೇಕಾಗುತ್ತದೆ, ಅದನ್ನು ವೈದ್ಯರಲ್ಲಿ ಕೇಳಿ ಹಾಕಿಸಿಕೊಳ್ಳಿ. ನಾಯಿಯನ್ನು 10 ದಿನ ಗಮನಿಸುವುದು ಒಳ್ಳೆಯದೇ, ಆದರೆ ಅಲ್ಲಿಯವರೆಗೆ ಸೂಜಿಗೆ ಕಾಯುವುದಲ್ಲ. ನಾಟಿ ಮುಗಿಯಲಿ, ಸಂತೆ ಮುಗಿಯಲಿ ಎಂದು ನಡುವಿನ ಸೂಜಿ ಬಿಡಬೇಡಿ. ಮಕ್ಕಳು ಬೈಸಿಕೊಳ್ಳುವ ಭಯಕ್ಕೆ ಪರಚಿದ ಗಾಯ ಮುಚ್ಚಿಡುತ್ತಾರೆ. ಮೆಲ್ಲಗೆ ಕೇಳಿ ನೋಡಿ.

ನಿಮ್ಮ ನಾಯಿಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಹಸುವಿಗೋ ಎಮ್ಮೆಗೋ ನಾಯಿ ಕಚ್ಚಿದರೂ ಗಾಯ ಹೀಗೆಯೇ ತೊಳೆದು, ಕೂಡಲೇ ಪಶುವೈದ್ಯರಿಗೆ ತಿಳಿಸಿ. ಅವಕ್ಕೂ ಸೂಜಿ ಉಂಟು. ಕಚ್ಚಿಸಿಕೊಂಡ ದನ ಜೊಲ್ಲು ಸುರಿಸುತ್ತಾ ಮೇವು ಬಿಟ್ಟರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ, ಅದರ ಹಾಲು ಕರೆಯಬೇಡಿ. ಬೇರೆ ಕಟ್ಟಿಹಾಕಿ, 1962ಕ್ಕೆ ದೂರವಾಣಿ ಮಾಡಿ.