ಶೆಡ್ಡಿನಿಂದ ಅಂಗಡಿಗೆ: ಬೇಸಿಗೆಯಲ್ಲಿ ಕೋಳಿಯ ಕೊನೆಯ ಪ್ರಯಾಣ



ಕೋಳಿ ಸಾಕಣೆಯ ಬಗ್ಗೆ ನಮ್ಮಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಮರಿ, ಮೇವು, ಲಸಿಕೆ, ರೋಗ ಎಲ್ಲವೂ ಬಂದುಹೋಗಿವೆ. ಶೆಡ್ಡಿನ ಬಾಗಿಲಿನಿಂದ ಅಂಗಡಿಯ ಕತ್ತಿಯವರೆಗಿನ ಕೆಲವು ಗಂಟೆಗಳು ಮಾತ್ರ ಯಾರ ಮಾತಿಗೂ ಸಿಗುವುದಿಲ್ಲ. ರೈತನ ಲೆಕ್ಕ ತೂಕದ ಯಂತ್ರದ ಬಳಿ ಮುಗಿಯುತ್ತದೆ, ಅಂಗಡಿಯವನ ಲೆಕ್ಕ ಗಾಡಿ ಬಂದ ಮೇಲೆ ಶುರುವಾಗುತ್ತದೆ. ನಡುವಿನ ದಾರಿಗೆ ಯಜಮಾನನಿಲ್ಲ. ಹೇಗೂ ಕೊಯ್ಯುವ ಕೋಳಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಮಾಂಸ ತಿನ್ನಬೇಕೇ ಬೇಡವೇ ಎಂಬುದು ಇವತ್ತಿನ ವಿಷಯವಲ್ಲ. ನಾನೂ ತಿನ್ನುವವನೇ, ತಿನ್ನುವವರಿಗೇ ಈ ಮಾತು ಹೆಚ್ಚು ಸಲ್ಲುತ್ತದೆ.

ಕೋಳಿಯ ಸಹಜ ಮೈಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದು 46–47ಕ್ಕೇರಿದರೆ ಜೀವ ನಿಲ್ಲುವುದಿಲ್ಲ. ಅಂದರೆ ಸಹಜ ಮೈಬಿಸಿಗೂ ಸಾವಿಗೂ ಇರುವ ಅಂತರ ಐದಾರು ಡಿಗ್ರಿ ಅಷ್ಟೆ. ಮೈತುಂಬ ಗರಿ, ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ತೇಕುತ್ತ, ಉಸಿರಿನ ತೇವವನ್ನು ಆವಿಯಾಗಿಸಿ ಮೈ ತಣಿಸಿಕೊಳ್ಳುವುದೇ ಅದಕ್ಕಿರುವ ಮುಖ್ಯ ದಾರಿ. ತೇಕುವುದೂ ಪುಕ್ಕಟೆಯಲ್ಲ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಕ್ಷಾರ ಹೆಚ್ಚುತ್ತದೆ. ತೇಕುವ ಸ್ನಾಯುಗಳ ದುಡಿಮೆಯಿಂದಲೇ ಮತ್ತಷ್ಟು ಶಾಖ ಹುಟ್ಟುತ್ತದೆ. ಆರು ವಾರದಲ್ಲಿ ಎರಡು ಕೆಜಿ ದಾಟುವ ಬ್ರಾಯ್ಲರ್‌ಗೆ ಈ ಕಷ್ಟ ನಾಟಿ ಕೋಳಿಗಿಂತ ಹೆಚ್ಚು. ಬೇಗ ಬೆಳೆಯುವ ದೇಹ ಬಿಸಿಯನ್ನೂ ಹೆಚ್ಚು ಹುಟ್ಟಿಸುತ್ತದೆ.

ಅಂಥ ಒಂದು ಹಕ್ಕಿ ಹೊರಬಿಡುವ ಶಾಖ ಹತ್ತು ವ್ಯಾಟ್‌ಗೆ ಕಡಿಮೆಯಿಲ್ಲ. ಸಾವಿರ ಕೋಳಿ ತುಂಬಿದ ಗಾಡಿಯೆಂದರೆ ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಉರಿಸಿಟ್ಟಂತೆ. ಗಾಡಿ ಓಡುವಾಗ ಗಾಳಿ ಆ ಬಿಸಿಯನ್ನು ಒಯ್ಯುತ್ತದೆ. ಟೀ ಅಂಗಡಿಯ ಮುಂದೆ ನಿಂತಿತೋ, ಕ್ರೇಟುಗಳ ನಡುವೆ ಬಿಸಿಯೂ ತೇವವೂ ಏರತೊಡಗುತ್ತವೆ. ಬ್ರಿಟನ್ನಿನಲ್ಲಿ ಮಿಚೆಲ್ ಮತ್ತು ಕೆಟಲ್‌ವೆಲ್ ಎಂಬ ವಿಜ್ಞಾನಿಗಳು ಕೋಳಿ ಲಾರಿಗಳೊಳಗೇ ಅಳತೆ ಮಾಡಿ, ಗಾಳಿ ಸರಿಯಾಗಿ ಆಡದ ಒಂದು ಬಿಸಿ ಒಡಲು ಅಲ್ಲಿರುತ್ತದೆ ಎಂದು ತೋರಿಸಿದರು. ಹೊರಗೆ ಚಳಿಯಿದ್ದಾಗಲೂ ಒಳಗಿನ ಹಕ್ಕಿ ಸೆಕೆಗೆ ಸಾಯಬಹುದು. ಚಳಿ ದೇಶದಲ್ಲೇ ಹೀಗಾದರೆ ನಮ್ಮ ಏಪ್ರಿಲ್ ತಿಂಗಳ ಹೆದ್ದಾರಿಯ ಪಾಡೇನು?

ಇಲ್ಲಿ ನಮ್ಮ ಜನರ ಒಳ್ಳೆಯ ಮನಸ್ಸೇ ಒಮ್ಮೊಮ್ಮೆ ಕೆಡುಕಾಗುತ್ತದೆ. ಕೋಳಿಗೆ ಸೆಕೆಯಾಗಿದೆ ಎಂದು ಕ್ರೇಟಿನ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ರಾಯಚೂರಿನ ಒಣ ಬಿಸಿಲಲ್ಲಿ, ಗಾಡಿ ಓಡುತ್ತಿದ್ದರೆ ಅಥವಾ ಎದುರಿಗೆ ಫ್ಯಾನಿದ್ದರೆ, ಅದರಿಂದ ಉಪಕಾರವಿದೆ. ಮಂಗಳೂರಿನಲ್ಲಿ ಪಾದರಸ ಅಷ್ಟು ಏರದಿದ್ದರೂ ಗಾಳಿಯೇ ಒದ್ದೆ. ನಿಂತ ಗಾಡಿಗೆ ನೀರು ಸುರಿದರೆ ತೇವ ಇನ್ನೂ ಏರಿ, ತೇಕುವ ಕೋಳಿಗೆ ಇದ್ದೊಂದು ದಾರಿಯೂ ಮುಚ್ಚುತ್ತದೆ. ಕರಾವಳಿಯಲ್ಲಿ ಮೊದಲು ಬೇಕಾದದ್ದು ಗಾಳಿ. ಹಾಗಾಗಿ ಇಡೀ ರಾಜ್ಯಕ್ಕೆ ಒಂದೇ ಸಲಹೆ ಅಚ್ಚುಹಾಕಿ ಹಂಚುವ ಪಶುಸಂಗೋಪನಾ ಇಲಾಖೆಯ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ.

ಲಿಫ್ಟಿಂಗ್, ಅಂದರೆ ಶೆಡ್ಡಿನಲ್ಲಿ ಕೋಳಿ ಹಿಡಿದು ಗಾಡಿಗೇರಿಸುವ ರೀತಿಯದೂ ಒಂದು ಮಾತು. ಒಂದೇ ಕಾಲು ಹಿಡಿದು, ಕೈಗೆ ನಾಲ್ಕೈದರಂತೆ ತಲೆಕೆಳಗಾಗಿ ಎತ್ತುವುದು ರೂಢಿ. ಹಕ್ಕಿಗಳಿಗೆ ನಮ್ಮ ಹಾಗೆ ಎದೆ–ಹೊಟ್ಟೆಗಳ ನಡುವೆ ವಪೆಯಿಲ್ಲ. ತಲೆಕೆಳಗಾದಾಗ ಹೊಟ್ಟೆಯೊಳಗಿನದೆಲ್ಲ ಗಾಳಿಚೀಲಗಳ ಮೇಲೆ ಬಿದ್ದು ಉಸಿರೇ ಕಷ್ಟವಾಗುತ್ತದೆ. ಜತೆಗೆ ತೊಡೆಯ ಕೀಲು ತಪ್ಪುತ್ತದೆ, ರೆಕ್ಕೆ ಮುರಿಯುತ್ತದೆ. ರಾತ್ರಿ ಮಂದ ಬೆಳಕಿನಲ್ಲಿ, ಎರಡೂ ರೆಕ್ಕೆ ಒತ್ತಿ ಮೈಯನ್ನೇ ಹಿಡಿದೆತ್ತಿದರೆ ಕೆಲಸ ನಿಧಾನ, ನಿಜ. ಆದರೆ ಕೂಲಿಯನ್ನು ಎಣಿಕೆಯ ಮೇಲೆ ಕೊಡುವ ತನಕ ಕೋಳಿ ಹಿಡಿಯುವ ಯಾವ ಹುಡುಗನೂ ನಿಧಾನ ಮಾಡುವುದಿಲ್ಲ.

ಮೇವು ನಿಲ್ಲಿಸುವುದರಲ್ಲೂ ದುಡ್ಡಿನದೇ ಆಟ. ಕೊಯ್ಯುವುದಕ್ಕೆ ಎಂಟರಿಂದ ಹನ್ನೆರಡು ಗಂಟೆ ಮೊದಲು ಮೇವು ತೆಗೆಯಬೇಕು, ಹಿಡಿಯುವ ಗಳಿಗೆಯವರೆಗೂ ನೀರಿರಬೇಕು. ಜೀರ್ಣವಾಗುವಾಗ ಮೈಬಿಸಿ ಏರುವುದರಿಂದ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ಆದರೆ ತೂಕಕ್ಕೆ ಹಣ ಸಿಗುವ ಕಡೆ ಕೋಳಿಯ ಹೊಟ್ಟೆ ತುಂಬಿಸಿ ಕಳಿಸುವ ಆಸೆ ಯಾರಿಗಿಲ್ಲ? ಆ ಆಸೆಗೆ ರೈತನೊಬ್ಬನನ್ನೇ ದೂರಲಾರೆ. ರೇಟು ಕಟ್ಟುವವರು ಬೇರೆಯವರು.

ಕಾನೂನಿಲ್ಲವೇ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ 1978ರಲ್ಲಿ ಪ್ರಾಣಿ ಸಾಗಾಟದ ನಿಯಮಗಳು ಬಂದವು, 2001ರಲ್ಲಿ ಅವಕ್ಕೆ ಕೋಳಿಯ ಅಧ್ಯಾಯ ಸೇರಿತು. ಉಷ್ಣಾಂಶ 25 ಡಿಗ್ರಿ ಮೀರಿದರೆ ಕೋಳಿ ಸಾಗಿಸುವಂತಿಲ್ಲ, ಬಿಸಿಲುಗಾಲದಲ್ಲಿ ಆರು ಗಂಟೆಗೊಮ್ಮೆ ನೀರು ಕೊಡಬೇಕು ಎಂದು ಅದು ಹೇಳುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ನಡುರಾತ್ರಿಯೂ 25ಕ್ಕಿಂತ ಕೆಳಗಿಳಿಯುವುದು ಅಪರೂಪ. ಅಕ್ಷರಶಃ ಪಾಲಿಸಿದರೆ ಅಲ್ಲಿ ಮೇ ತಿಂಗಳ ಬಹುಪಾಲು ದಿನ ಒಂದು ಕೋಳಿಯೂ ಊರು ದಾಟಬಾರದು. ಪಾಲಿಸಲಾಗದ್ದೆಂದು ಎಲ್ಲರೂ ಬಲ್ಲರು, ಆದ್ದರಿಂದ ಪಾಲಿಸಬಹುದಾದ ನೀರಿನ ಮಾತನ್ನೂ ಸೇರಿಸಿ ಇಡೀ ಅಧ್ಯಾಯವನ್ನು ಮೂಲೆಗಿಟ್ಟಿದ್ದಾರೆ. 2017ರಲ್ಲಿ ಭಾರತದ ಕಾನೂನು ಆಯೋಗ ತನ್ನ 269ನೆಯ ವರದಿಯನ್ನು ಕೋಳಿಗಳ ಸಾಕಣೆ, ಸಾಗಾಟಗಳಿಗೇ ಮೀಸಲಿಟ್ಟಿತು, ಕರಡು ನಿಯಮಗಳನ್ನೂ ಕೊಟ್ಟಿತು. ನನ್ನ ಅಭಿಪ್ರಾಯದಲ್ಲಿ 25ರ ಗೆರೆ ಅಳಿಸಿ, ಅದರ ಜಾಗದಲ್ಲಿ ಆಗುವ ಮಾತು ಬರೆಯಬೇಕು: ಮಾರ್ಚ್‌ನಿಂದ ಮೇ ತಿಂಗಳವರೆಗೆ ಹಗಲು ಸಾಗಾಟ ಬೇಡ, ಕ್ರೇಟಿಗೆ ತುಂಬುವ ಹಕ್ಕಿ ಕಡಿಮೆಯಾಗಲಿ, ಸಾಲುಗಳ ನಡುವೆ ಗಾಳಿಗೆ ಜಾಗವಿರಲಿ, ತುಂಬಿದ ಗಾಡಿ ದಾರಿಯಲ್ಲಿ ನಿಲ್ಲದಿರಲಿ.

ನಮ್ಮಲ್ಲಿ ಬಹುಪಾಲು ಕೋಳಿ ಜೀವಂತವಾಗಿಯೇ ಅಂಗಡಿ ಸೇರುತ್ತದೆ. ಕೊನೆಯ ಬಿಸಿಲು ಕಾಯುವುದು ಅಲ್ಲಿನ ಪಂಜರದಲ್ಲಿ. ಒಂದು ನೆರಳು ಬಲೆ, ಒಂದು ಫ್ಯಾನು, ನೀರಿನ ತೊಟ್ಟಿ ಇಟ್ಟರೆ ಅಂಗಡಿಯವನು ಬಡವಾಗುವುದಿಲ್ಲ. ಬಿಸಿಗೆ ಬಳಲಿದ ಕೋಳಿಯ ಮಾಂಸ ಬಿಳಿಚಿ, ಮೆತ್ತಗಾಗಿ, ನೀರು ಬಿಡುವುದರಿಂದ, ತಂಪಾಗಿಟ್ಟರೆ ಅವನಿಗೂ ಲಾಭವೇ. ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ನಿಂತಾಗ, ಎಷ್ಟು ಕೆಜಿ ಎಂದು ಹೇಳುವ ಮೊದಲು ಆ ಪಂಜರದಲ್ಲಿ ನೀರಿದೆಯೇ ನೋಡಿ. ಇಲ್ಲದಿದ್ದರೆ ಇಡಿ ಎಂದು ಕೇಳಿ. ಗಿರಾಕಿ ಕೇಳಿದ್ದನ್ನು ಅಂಗಡಿಯವನು ಇಲಾಖೆಯ ಸುತ್ತೋಲೆಗಿಂತ ಬೇಗ ಮಾಡುತ್ತಾನೆ.