ಹೊಲದ ಪಾಲು ಮತ್ತು ಅಡುಗೆಮನೆಯ ಅಹಿಂಸೆ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಚಾತುರ್ಮಾಸ್ಯಕ್ಕೆ ಮುನ್ನ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಚಾತುರ್ಮಾಸ್ಯ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ತ್ಯಾಗದ ಪಟ್ಟಿ ಸಿದ್ಧವಾಗುತ್ತದೆ. ಕೆಲವರು ಸೊಪ್ಪನ್ನು ಬಿಡುತ್ತಾರೆ, ಕೆಲವರು ಹಸಿರು ತರಕಾರಿಯನ್ನೇ ಬಿಡುತ್ತಾರೆ, ಕೆಲವರು ಏಕಭುಕ್ತದ ನಿಯಮ ಹಿಡಿಯುತ್ತಾರೆ. ಈ ವರ್ಷ ನಮ್ಮಲ್ಲಿ ಕೆಲವು ಕುಟುಂಬಗಳು ರೈತರೊಬ್ಬರ ಹೊಲದಲ್ಲಿ ಪಾಲು ಪಡೆಯಲು ಮುಂದಾಗಿರುವುದರಿಂದ, ಆ ಪಟ್ಟಿಯ ಜೊತೆಗೆ ಹೊಸ ಪ್ರಶ್ನೆಯೊಂದು ಬಂದಿದೆ. ನಾವು ಆರಿಸದೆ, ಹೊಲವೇ ಆರಿಸಿ ಕಳುಹಿಸುವ ತರಕಾರಿಯ ಬುಟ್ಟಿಯನ್ನು ನಿಯಮಗಳಿರುವ ನಮ್ಮ ಅಡುಗೆಮನೆ ಹೇಗೆ ಬರಮಾಡಿಕೊಳ್ಳಬೇಕು? ಈ ವಿಷಯವಾಗಿ ನನ್ನ ವಿಚಾರಗಳನ್ನು ತಮ್ಮ ಮುಂದಿಡುತ್ತೇನೆ.

ಪಾಲು ಎಂದರೇನು ಎಂಬುದು ಮೊದಲು ಸ್ಪಷ್ಟವಾಗಲಿ. ಹಂಗಾಮು ಆರಂಭವಾಗುವ ಮುನ್ನವೇ ಕೆಲವು ಕುಟುಂಬಗಳು ಸೇರಿ ರೈತನ ಬೇಸಾಯದ ಖರ್ಚನ್ನು ಹಂಚಿಕೊಂಡು ಮುಂಗಡವಾಗಿ ಕೊಡುತ್ತವೆ. ಬೆಳೆದುದನ್ನು ರೈತನು ವಾರವಾರವೂ ಆ ಕುಟುಂಬಗಳಿಗೆ ಹಂಚುತ್ತಾನೆ. ಬೆಳೆ ಚೆನ್ನಾಗಿದ್ದರೆ ಬುಟ್ಟಿ ತುಂಬುತ್ತದೆ. ಮಳೆ ಹೆಚ್ಚಾಗಿ ಬಳ್ಳಿ ಕೊಳೆತರೆ ಬುಟ್ಟಿ ಹಗುರಾಗುತ್ತದೆ. ಹಗುರಾದ ವಾರದ ಹಣವನ್ನು ಮರಳಿ ಕೇಳುವಂತಿಲ್ಲ. ಜಪಾನಿನಲ್ಲಿ ಕೀಟನಾಶಕಗಳಿಗೆ ಅಂಜಿದ ಗೃಹಿಣಿಯರು 1970ರ ದಶಕದಲ್ಲಿ ರೈತರೊಡನೆ ಇಂಥ ನೇರ ಒಪ್ಪಂದಗಳನ್ನು ಮಾಡಿಕೊಂಡರು. ಅದಕ್ಕೆ ಅಲ್ಲಿ ‘ತೇಯ್ಕೆಯ್’ ಎಂದು ಹೆಸರು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ಹೊಲಗಳಲ್ಲಿ ಈ ಪದ್ಧತಿ ಮೊದಲಾಯಿತು. ಮೊಬೈಲಿನಲ್ಲಿ ಒತ್ತಿ ತರಿಸಿಕೊಳ್ಳುವ ‘ಸಾವಯವ’ ತರಕಾರಿ ಇದಲ್ಲ. ಅಲ್ಲಿ ನಾವು ಗಿರಾಕಿಗಳು. ಇಲ್ಲಿ ನಾವು ಲಾಭನಷ್ಟಗಳೆರಡರಲ್ಲಿಯೂ ಪಾಲುದಾರರು.

ಈ ಪಾಲುದಾರಿಕೆ ಏಕೆ ಬೇಕೆಂಬುದನ್ನು 2023ನೆಯ ವರ್ಷವೊಂದೇ ತೋರಿಸುತ್ತದೆ. ಆ ಜುಲೈ ತಿಂಗಳಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿ, ನಗರಗಳ ಮನೆಮನೆಗಳಲ್ಲಿ ಅದೇ ಮಾತಾಯಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದು ರೈತರು ಹಣ್ಣನ್ನು ರಸ್ತೆಗೆ ಸುರಿದರು; ಆಗ ನಮ್ಮ ಮನೆಗಳಲ್ಲಿ ಮಾತಿರಲಿಲ್ಲ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಹಣ್ಣು ತರಕಾರಿಗಳನ್ನು ಎಪಿಎಂಸಿ ನಿಯಂತ್ರಣದಿಂದ ಹೊರಗಿಟ್ಟಿತು; ಕೇಂದ್ರ 2020ರಲ್ಲಿ ಮೂರು ಕೃಷಿ ಕಾಯ್ದೆಗಳನ್ನು ತಂದು 2021ರಲ್ಲಿ ಹಿಂತೆಗೆದುಕೊಂಡಿತು. ಈ ವಾದಗಳಲ್ಲಿ ಯಾರ ಪಕ್ಷ ಹಿಡಿದರೂ ಒಂದು ಸಂಗತಿ ಉಳಿಯುತ್ತದೆ: ಬಿತ್ತುವ ದಿನ ರೈತನಿಗೆ ತನ್ನ ಬೆಲೆ ತಿಳಿದಿರುವುದಿಲ್ಲ. ಪಾಲು ಕೊಡುವ ಕುಟುಂಬ ಆ ಭಯದ ಒಂದಂಶವನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ.

ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಜೈನರಿಗೆ ಇದು ಪರಕೀಯವಾಗಬಾರದು. ಜೈನರೆಂದರೆ ವ್ಯಾಪಾರಿಗಳು ಎಂದು ಮುಂಬಯಿ ಪುಣೆಗಳಲ್ಲಿ ಜನ ತಿಳಿಯುತ್ತಾರೆ. ಆದರೆ ಬೆಳಗಾವಿ, ಕೊಲ್ಲಾಪುರ, ಸಾಂಗ್ಲಿಗಳ ಕಡೆಯ ನಮ್ಮವರಲ್ಲಿ ಬಹುಮಂದಿ ತಲೆಮಾರುಗಳಿಂದ ಒಕ್ಕಲುತನದವರು. ಆದಿನಾಥರು ಲೋಕಕ್ಕೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆಗೆ ಕೃಷಿಯೂ ಸೇರಿದೆ. ಉತ್ತ ನೆಲದಲ್ಲಿ ಜೀವಹಾನಿ ಆಗುತ್ತದೆಂಬುದನ್ನು ನಮ್ಮ ಶಾಸ್ತ್ರ ಮರೆಮಾಚಲಿಲ್ಲ. ಅದನ್ನು ಉದ್ಯೋಗೀ ಹಿಂಸೆಯೆಂದು ಹೆಸರಿಸಿ, ಗೃಹಸ್ಥನು ಅದನ್ನು ಆದಷ್ಟು ಕಡಿಮೆ ಮಾಡಬೇಕೆಂದಿತು.

ಋತುವಿನಂತೆ ಉಣ್ಣುವುದು ಸಹ ನಮಗೆ ಹೊಸದಲ್ಲ. ಹಿಟ್ಟಿನ ಮರ್ಯಾದೆಯನ್ನು ನೆನೆಯಿರಿ: ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ತೇವ ಹೆಚ್ಚಿದಂತೆ ಜೀವೋತ್ಪತ್ತಿ ಹೆಚ್ಚುತ್ತದೆಂಬ ಕಾರಣದಿಂದ ನಮ್ಮ ಹಿರಿಯರು ಡಬ್ಬಿಯಲ್ಲಿರುವ ಹಿಟ್ಟಿಗೂ ಋತುವನ್ನು ಲೆಕ್ಕ ಹಾಕಿದರು. ಇಂದು ನಾವು ನಿಷೇಧಗಳ ಪಟ್ಟಿಯನ್ನು ಉಳಿಸಿಕೊಂಡಿದ್ದೇವೆ, ಋತುವನ್ನು ಕಳೆದುಕೊಂಡಿದ್ದೇವೆ. ಆಷಾಢದಲ್ಲಿ ಹಸಿ ಬಟಾಣಿ, ವೈಶಾಖದಲ್ಲಿ ಎಲೆಕೋಸು ನಮ್ಮ ತಾಟಿಗೆ ಬರುತ್ತವೆ. ಅವು ಎಲ್ಲಿಂದ ಬಂದವು, ಹೇಗೆ ಕೆಡದೆ ಉಳಿದವು ಎಂದು ಕೇಳುವವರಿಲ್ಲ.

ಹಾಗಾದರೆ ಪಾಲಿನ ಬುಟ್ಟಿಯಲ್ಲಿ ಏನು ಬರುತ್ತದೆ? ಈ ಸೀಮೆಯಲ್ಲಿ ಮಳೆಗಾಲವೆಂದರೆ ಬಳ್ಳಿಯ ಕಾಲ. ಹೀರೆ, ಸೋರೆ, ಹಾಗಲ, ಪಡವಲ, ತೊಂಡೆ, ಸೌತೆ, ಜೊತೆಗೆ ಬೆಂಡೆ ಮತ್ತು ಪುಂಡಿಪಲ್ಯ. ಚಳಿಗಾಲದಲ್ಲಿ ಅವರೆ, ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಮೆಂತ್ಯ, ಟೊಮೆಟೊ. ಬೇಸಿಗೆಯಲ್ಲಿ ಕುಂಬಳ, ಚವಳಿಕಾಯಿ, ನುಗ್ಗೆ, ಮಾವಿನಕಾಯಿ. ಸೊಪ್ಪು ಬಿಡುವ ಮನೆಗೂ ಮಳೆಗಾಲದ ಬುಟ್ಟಿಯಲ್ಲಿ ಉಣ್ಣಲು ಸಾಕಷ್ಟಿದೆ, ಏಕೆಂದರೆ ಆ ಕಾಲದ ಮುಖ್ಯ ಬೆಳೆ ಬಳ್ಳಿಯ ಕಾಯಿಗಳೇ.

ಕಷ್ಟವಿರುವುದು ಬೇರೆ ಕಡೆ. ನಾಲ್ಕು ವಾರ ಬಿಡದೆ ಹೀರೆಕಾಯಿ ಬಂದರೆ ಮಕ್ಕಳು ಮುಖ ತಿರುಗಿಸುತ್ತಾರೆ. ಇದಕ್ಕೆ ಉತ್ತರ ನಮ್ಮ ಅಜ್ಜಿಯರ ಬಳಿ ಇದೆ. ಒಂದೇ ಕಾಯಿಯನ್ನು ನಾಲ್ಕು ರೂಪದಲ್ಲಿ ಬಳಸುವ ಜಾಣ್ಮೆ ಅದು. ಹೀರೆಯ ತಿರುಳು ಹೆಸರುಬೇಳೆಯ ತೊವ್ವೆಗೆ. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುರಿದ ಕಡಲೆಬೇಳೆ, ಒಣಮೆಣಸಿನಕಾಯಿ, ಹುಣಸೆ, ಇಂಗು ಸೇರಿಸಿ ರುಬ್ಬಿದರೆ ಚಟ್ನಿ. ಬಿಲ್ಲೆಗಳನ್ನು ಮಸಾಲೆ ಅಕ್ಕಿಹಿಟ್ಟಿನಲ್ಲಿ ಅದ್ದಿ ಕಾವಲಿಯ ಮೇಲೆ ಜೋಡಿಸಿದರೆ ತುಳುನಾಡಿನ ಹೀರೆಕಾಯಿ ದೋಸೆ. ಉಳಿದುದನ್ನು ಹೆಚ್ಚಿ ಶೇಂಗಾ ಪುಡಿ ಹಾಕಿ ಪಲ್ಯ. ಸೋರೆಕಾಯಿಯನ್ನು ತುರಿದು ಜೋಳದ ಹಿಟ್ಟಿನಲ್ಲಿ ಕಲಸಿ ತಟ್ಟಿದರೆ ಮೆತ್ತನೆಯ ಥಾಲಿಪೀಠ. ನೆನೆಸಿದ ಅಕ್ಕಿಯೊಡನೆ ರುಬ್ಬಿದರೆ ದೋಸೆ.

ಈರುಳ್ಳಿ ಬೆಳ್ಳುಳ್ಳಿಯಿಲ್ಲದೆ ಸಾರು ಪಲ್ಯಗಳಿಗೆ ಮೈ ಬರುವುದಿಲ್ಲವೆಂದು ಹೊಸ ತಲೆಮಾರು ಹೇಳುವುದುಂಟು. ಅದರ ಕೆಲಸವನ್ನು ಬೆಳಗಾವಿಯ ಮನೆಗಳಲ್ಲಿ ಗುರೆಳ್ಳು, ಶೇಂಗಾ, ಅಗಸೆಯ ಪುಡಿಗಳೂ ಕರಾವಳಿಯ ಮನೆಗಳಲ್ಲಿ ಹುರಿದ ತೆಂಗಿನತುರಿಯೂ ಮಾಡುತ್ತ ಬಂದಿವೆ. ಹಸಿ ಶುಂಠಿಯ ಸ್ಥಾನದಲ್ಲಿ ಒಣಶುಂಠಿ, ಆಲೂಗಡ್ಡೆಯ ಸ್ಥಾನದಲ್ಲಿ ಬಾಳೆಕಾಯಿ ಸಲ್ಲುತ್ತವೆ. ಬೇಸಿಗೆಯ ಚವಳಿಕಾಯಿ, ಮೆಣಸಿನಕಾಯಿಗಳನ್ನು ಬಿಸಿಲಿಗಿಟ್ಟು ಬಾಳಕ ಮಾಡಿಕೊಂಡರೆ, ಹಸಿರು ಬಿಡುವ ಮನೆಗಳು ಬೇಳೆಕಾಳಿನೊಡನೆ ತಮ್ಮ ತಮ್ಮ ನಿಯಮದ ಅವಧಿಯೊಳಗೆ ಅದನ್ನು ಬಳಸಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಪಾಲಿನ ಬುಟ್ಟಿಯ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಿಬರುವ ದೊಡ್ಡ ಆಕ್ಷೇಪ ಹುಳುವಿನದು. ವಿಷ ಸಿಂಪಡಿಸದ ಬೆಂಡೆಯಲ್ಲಿ ಕಾಯಿಕೊರಕ ಇರುತ್ತದೆ, ಎಲೆಕೋಸಿನ ಪದರಗಳಲ್ಲಿ ಹಸಿರು ಹುಳು ಇರುತ್ತದೆ. “ಅಹಿಂಸೆ ಪಾಲಿಸುವವರು ಇದನ್ನು ಹೇಗೆ ಹೆಚ್ಚುವುದು? ಅಂಗಡಿಯ ಸ್ವಚ್ಛ ಕಾಯಿಯೇ ಮೇಲು” ಎನ್ನುತ್ತಾರೆ. ಈ ಅಳುಕು ಪ್ರಾಮಾಣಿಕವಾದುದು. ಅದನ್ನು ಹಗುರಾಗಿ ಕಾಣಬಾರದು. ಆದರೆ ಅಂಗಡಿಯ ಕಾಯಿಯಲ್ಲಿ ಹುಳುವೇಕೆ ಇಲ್ಲ ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೇ? ಬಹುಪಾಲು ಅದು ಅಲ್ಲಿ ಹುಟ್ಟದೆ ಇದ್ದುದರಿಂದಲ್ಲ, ನಮ್ಮ ಕಣ್ಣಿಗೆ ಬೀಳುವ ಮೊದಲೇ ಹೊಲದಲ್ಲಿ ಸತ್ತುದರಿಂದ. ಅದರೊಡನೆ ಜೇನು, ಎರೆಹುಳು, ಹೆಸರು ಗೊತ್ತಿಲ್ಲದ ಎಷ್ಟೋ ಜೀವಗಳು ಹೋದವು.

ಮನುಷ್ಯರೂ ಹೋದರು. 2017ರಲ್ಲಿ ಇದೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದ ರೈತರು ಮತ್ತು ಕೂಲಿಕಾರರು ವಿಷವೇರಿ ಸತ್ತರು. ದಕ್ಷಿಣ ಕನ್ನಡದಲ್ಲಿ, ಧರ್ಮಸ್ಥಳ ಇರುವ ಬೆಳ್ತಂಗಡಿ ತಾಲೂಕಿನಲ್ಲಿಯೇ, ಕೊಕ್ಕಡ, ಪಟ್ರಮೆ ಮುಂತಾದ ಹಳ್ಳಿಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದರ ಫಲವನ್ನು ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳ ತಾಯಂದಿರು ಇಂದಿಗೂ ಉಣ್ಣುತ್ತಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ಅದನ್ನು ದೇಶದಾದ್ಯಂತ ತಡೆಯಿತು.

ಹಿಂಸೆಗೆ ಮೂರು ದಾರಿಗಳೆಂದು ನಾವು ಬಾಲ್ಯದಲ್ಲಿಯೇ ಕಲಿತಿದ್ದೇವೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು. ಚಾಕುವಿನ ಕೆಳಗೆ ಬರುವ ಒಂದು ಹುಳುವಿಗೆ ಅಂಜಿ, ಕಾಣದ ಸಾವಿರ ಜೀವಗಳ ನಾಶಕ್ಕೆ ಬೆಲೆ ತೆತ್ತರೆ ನಾವು ಕೃತದಿಂದ ತಪ್ಪಿಸಿಕೊಂಡು ಕಾರಿತದಲ್ಲಿ ಸಿಕ್ಕಿದಂತೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿ ಶುಂಠಿ, ಬೆಣ್ಣೆ ಮುಂತಾದುವನ್ನು ಬಿಡಬೇಕೆನ್ನುವಾಗ ಕಾರಣವನ್ನೂ ಕೊಟ್ಟಿದ್ದಾರೆ: ಪಡೆಯುವ ಫಲ ಅಲ್ಪ, ಆಗುವ ಘಾತ ಬಹಳ. ಅವರು ನಮಗೆ ಪಟ್ಟಿಯೊಂದನ್ನೇ ಕೊಟ್ಟು ಹೋಗಲಿಲ್ಲ, ಒಂದು ಅಳತೆಗೋಲನ್ನೂ ಕೊಟ್ಟಿದ್ದಾರೆ. ಅದನ್ನು ಇಂದಿನ ಹೊಲಕ್ಕೆ ಹಿಡಿಯುವುದು ನಮ್ಮ ಹೊಣೆ. ವಿಷದಿಂದ ಹೊಳೆಯುವ ಎಲೆಕೋಸು ಆ ಅಳತೆಯಲ್ಲಿ ಗೆಲ್ಲುತ್ತದೆಯೇ?

ವಿಷಮುಕ್ತ ಬೇಸಾಯದಲ್ಲಿ ಹಿಂಸೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಬೇವಿನ ಕಷಾಯವೂ ಕೀಟವನ್ನು ಬಾಧಿಸುತ್ತದೆ, ನೇಗಿಲೂ ಬಾಧಿಸುತ್ತದೆ. ಕಡಿಮೆ ಹಿಂಸೆಯನ್ನು ಆರಿಸುವ ವಿವೇಕವಷ್ಟೇ ಗೃಹಸ್ಥನ ಪಾಲಿಗಿರುವುದು. ಅಡುಗೆಮನೆಯಲ್ಲಿ ಈ ವಿವೇಕಕ್ಕೆ ಯತ್ನಾಚಾರವೆಂದು ಹೆಸರು. ಬುಟ್ಟಿ ಬಂದ ದಿನ ಹಗಲಿನ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ತರಕಾರಿಯನ್ನು ಹರಡಿರಿ. ಬೆಂಡೆಯನ್ನು ಅಡ್ಡಕ್ಕೆ ಕತ್ತರಿಸುವ ಮೊದಲು ತೂತಿದೆಯೇ ನೋಡಿ, ಮೆಲ್ಲಗೆ ಉದ್ದಕ್ಕೆ ಬಿಡಿಸಿರಿ. ಕೋಸಿನ ಎಲೆಗಳನ್ನು ಒಂದೊಂದಾಗಿ ತೆಗೆಯಿರಿ. ಹುಳು ಕಂಡರೆ ಅದು ಕುಳಿತ ಎಲೆಯೊಡನೆಯೇ ಗಿಡದ ಕುಂಡಕ್ಕೆ ಬಿಡಿರಿ. ಹೀಗೆ ಶೋಧಿಸಿದರೆ ಅನಸ್ತಮಿತ ಭೋಜನದ ಮನೆಗಳಲ್ಲಿ ವಾರದ ದಿನಗಳ ಅವಸರವೂ ತಗ್ಗುತ್ತದೆ.

ಆದರೆ ಈ ಶೋಧನೆಯನ್ನು ಮಾಡುವವರು ಯಾರು? ಮಣ್ಣು ಮೆತ್ತಿದ ಐದಾರು ಕಿಲೋ ತರಕಾರಿಯನ್ನು ತೊಳೆದು, ನೋಡಿ, ಹೆಚ್ಚುವುದು ಕಚೇರಿಯಿಂದ ಬಳಲಿ ಬಂದ ಸೊಸೆಯ ಪಾಲಿಗೇ ಬಿದ್ದರೆ, ಪುರುಷರ ವ್ರತ ಸ್ತ್ರೀಯರ ಬೆವರಿನ ಮೇಲೆ ನಿಂತಂತಾಗುತ್ತದೆ. ನಮ್ಮ ಎಷ್ಟೋ ನಿಯಮಗಳು ಈಗಾಗಲೇ ಹಾಗೆ ನಿಂತಿವೆ. ಪಾಲಿಗೆ ಸೇರುವ ಪ್ರತಿ ಮನೆಯಲ್ಲಿಯೂ ಬುಟ್ಟಿ ಬಂದ ದಿನದ ಶೋಧನೆ ಗಂಡಸರ ಮತ್ತು ಮಕ್ಕಳ ಕೆಲಸವಾಗಲಿ. ಜೀವದಯೆಯನ್ನು ಪಾಠಶಾಲೆಯ ಶ್ಲೋಕಕ್ಕಿಂತ ಚೆನ್ನಾಗಿ ಆ ಬಿಳಿ ಬಟ್ಟೆ ಕಲಿಸುತ್ತದೆ.

ಕಂದಮೂಲಗಳ ವಿಷಯದಲ್ಲಿಯೂ ನೇರವಾಗಿರೋಣ. ಬೆಳೆ ಬದಲಿಸಲು ರೈತನು ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ಹಾಕುತ್ತಾನೆ. ಅದು ಅವನ ಜೀವನೋಪಾಯ. ನಮ್ಮ ಬುಟ್ಟಿಗೆ ಅವು ಬೇಡವೆಂದು ಹಂಗಾಮಿನ ಮೊದಲೇ ತಿಳಿಸಿ, ಅವುಗಳ ಬದಲಿಗೆ ಕಾಯಿಯನ್ನೋ ಕಾಳನ್ನೋ ಬೆಳೆಯಲು ಸಾಧ್ಯವೇ ಎಂದು ಕೇಳೋಣ. ಸಾಧ್ಯವಿಲ್ಲದಿದ್ದರೆ ಆ ಭಾಗ ಅನ್ಯ ಪಾಲುದಾರರಿಗೆ ಹೋಗಲಿ. ಅದಕ್ಕಾಗಿ ಹಣ ಕಡಿತ ಕೇಳುವುದು ಬೇಡ. ನಮಗೆ ನಿಷಿದ್ಧವೆಂದು ಬಿಟ್ಟುದನ್ನು ಮನೆಗೆಲಸದ ಹೆಣ್ಣುಮಗಳ ಕೈಗಿಟ್ಟು ಅದನ್ನು ದಾನವೆಂದು ಎಣಿಸುವುದಂತೂ ಬೇಡವೇ ಬೇಡ. ದಾನ ಕೊಡುವುದಿದ್ದರೆ ಅವಳಿಗೂ ಒಂದು ಪೂರ್ಣ ಬುಟ್ಟಿಯ ಪಾಲನ್ನು ಕಟ್ಟೋಣ.

ಕೊನೆಯದಾಗಿ ಸಾರ್ವಜನಿಕ ಜೀವನದ ಮಾತು. 2015ರಲ್ಲಿ ಪರ್ಯೂಷಣದ ದಿನಗಳಲ್ಲಿ ಮಾಂಸ ಮಾರಾಟ ನಿಷೇಧದ ವಿವಾದ ಮುಂಬಯಿ ಪ್ರದೇಶದಲ್ಲಿ ಭುಗಿಲೆದ್ದಾಗ ಜೈನರ ದನಿ ಎಲ್ಲ ಪತ್ರಿಕೆಗಳಲ್ಲಿ ಕೇಳಿಸಿತು. ಯವತಮಾಳದ ಸಾವುಗಳ ವರ್ಷ ಅಂಥ ದನಿ ಕೇಳಿಸಲಿಲ್ಲ. ಕೀಟನಾಶಕಗಳಿಗೆ 1968ರ ಕಾಯ್ದೆ ಆಧಾರವಾಗಿದ್ದು, ಅದರ ಬದಲಿಗೆ ಹೊಸ ವಿಧೇಯಕ ರಾಜ್ಯಸಭೆಯಲ್ಲಿ ಮಂಡನೆಯಾದದ್ದು 2020ರಲ್ಲಿ. ಅದರ ಬಗ್ಗೆ ನಮ್ಮ ಸಭೆಗಳಲ್ಲಿ ಎಷ್ಟು ಚರ್ಚೆಯಾಯಿತು? ಅನ್ಯರ ಅಡುಗೆಮನೆಯ ಬಗ್ಗೆ ಸರ್ಕಾರದ ಬಾಗಿಲು ತಟ್ಟುವ ಸಮಾಜ, ತನ್ನ ತಾಟಿಗೆ ಬರುವ ತರಕಾರಿಗಾಗಿ ವಿಷ ಕುಡಿಯುವ ಕೂಲಿಕಾರನ ಪರವಾಗಿ ಮೊದಲು ತಟ್ಟಬೇಕು. ಆಗ ನಮ್ಮ ಅಹಿಂಸೆಯ ಮಾತಿಗೆ ಅನ್ಯರೂ ಕಿವಿಗೊಡುತ್ತಾರೆ.

ಆದುದರಿಂದ ಮೂರು ಸೂಚನೆಗಳನ್ನು ಸಭೆಯ ಮುಂದಿಡುತ್ತೇನೆ. ಪಾಲಿಗೆ ಸೇರುವ ಕುಟುಂಬಗಳು ಹಂಗಾಮಿನ ಪೂರ್ಣ ಹಣವನ್ನು ಮುಂಗಡವಾಗಿ ಕೊಟ್ಟು, ಬುಟ್ಟಿ ಹಗುರಾದ ವಾರ ರೈತನನ್ನು ಪ್ರಶ್ನಿಸದೆ ಅವನ ಹೊಲಕ್ಕೆ ಹೋಗಿ ನೋಡಿಬರಲಿ. ನಮ್ಮ ಹಿರಿಯ ಮಾತೆಯರು ತಮಗೆ ತಿಳಿದ ಋತುವಿನ ಅಡುಗೆಗಳನ್ನು ಹೇಳಲಿ. ಮೊಮ್ಮಕ್ಕಳು ಅದನ್ನು ಕನ್ನಡದಲ್ಲಿ ಬರೆದಿಡಲಿ. ಈ ಚಾತುರ್ಮಾಸ್ಯದಲ್ಲಿ ನಮ್ಮ ತ್ಯಾಗದ ಪಟ್ಟಿಗೆ ಇನ್ನೊಂದು ಸಾಲು ಸೇರಲಿ: ವಿಷ ಸಿಂಪಡಿಸಿದ ಒಂದು ತರಕಾರಿಯನ್ನಾದರೂ ಈ ನಾಲ್ಕು ತಿಂಗಳು ಬಿಡುತ್ತೇವೆ.